ಹೊಸ ಕ್ಯಾರವಾನ್ ಡೆಲಿವರಿ ಆಯ್ತು: ಮೊದಲ ಪ್ರಯಾಣಕ್ಕೆ ಮುಂಚೆ ಏನು ಪರೀಕ್ಷಿಸಬೇಕು, ಏನು ಬದಲಾಯಿಸಬಹುದು?

ಹೊಸಗಾಲಿ

ಎಲ್ಲರಿಗೂ ನಮಸ್ಕಾರ. ಒಂದೇ ಆಕ್ಸಲ್‌ನ, ನಾಲ್ಕು ಜನ ಮಲಗುವ, ಕಾರಿನ ಹಿಂದೆ ಕಟ್ಟಿ ಎಳೆಯುವ ಹೊಸ ಟೂರಿಂಗ್ ಕ್ಯಾರವಾನ್ ಕೈಗೆ ಬಂದಿದೆ. ಫಲಕದ ಮೇಲೆ ಗರಿಷ್ಠ ತೂಕ 1500 ಕೆ.ಜಿ. ಎಂದಿದೆ, ಕಾರ್ಖಾನೆಯಿಂದ ಹೊರಟಾಗಿನ ತೂಕ 1340 ಕೆ.ಜಿ. ಎಂದು ಪುಸ್ತಕ ಹೇಳುತ್ತದೆ. ಡೆಲಿವರಿ ವೇಳೆ ದೀಪ ಹಚ್ಚಿ, ನಲ್ಲಿ ತಿರುಗಿಸಿ, ಸ್ಟವ್ ಹೊತ್ತಿಸಿ ತೋರಿಸಿದ್ದು ಬಿಟ್ಟರೆ ಬೇರೇನೂ ಪರೀಕ್ಷೆ ಆಗಿಲ್ಲ.

ಈವರೆಗೆ ಕಣ್ಣಿಗೆ ಬಿದ್ದದ್ದು ಇಷ್ಟು:

1. ಯಾವ ನಲ್ಲಿಯನ್ನೂ ತೆರೆಯದಿದ್ದರೂ ನೀರಿನ ಪಂಪು ಆಗಾಗ ಅರೆಕ್ಷಣ ಗುರ್ ಎಂದು ನಿಲ್ಲುತ್ತದೆ.
2. ತೇವದ ಮೀಟರ್ ಎಲ್ಲ ಕಡೆ ಶೇ. 10-12 ತೋರಿಸಿದರೆ, ಮುಂದಿನ ಕಿಟಕಿಯ ಎಡ ಕೆಳಮೂಲೆಯಲ್ಲಿ ಮಾತ್ರ 18.
3. ಫ್ರಿಜ್ ಮನೆಯ ಕರೆಂಟಿನಲ್ಲಿ ಚೆನ್ನಾಗಿ ತಣ್ಣಗಾಗುತ್ತದೆ. ಕಾರಿಗೆ ಜೋಡಿಸಿ ಓಡಿಸಿದರೆ ಏನೂ ಆಗುವುದಿಲ್ಲ.
4. ಬಟ್ಟೆ ಕಪಾಟಿನ ಬಾಗಿಲ ಚಿಲಕದ ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತದೆ, ಹಿಡಿಯುವುದಿಲ್ಲ.

ಮೋಟರ್ ಮೂವರ್ (ಕಾರಿಲ್ಲದೆ ಗಾಡಿಯನ್ನು ಮೆಲ್ಲಗೆ ಸರಿಸುವ ಮೋಟರ್), ಲಿಥಿಯಂ ಬ್ಯಾಟರಿ, 120 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಹಿಂಭಾಗಕ್ಕೆ ಎರಡು ಸೈಕಲ್ ಹಿಡಿಯುವ ರ‍್ಯಾಕ್ ಹಾಕಿಸುವ ಯೋಚನೆ ಇದೆ. ಯಾವುದು ಮೊದಲು, ಯಾವುದು ಆಮೇಲೆ? ತಿಳಿದವರು ಹೇಳಿ.

ಟಾರ್ಕ್‌ರೆಂಚ್

ಸೋಲಾರ್, ಮೂವರ್ ಎಲ್ಲ ಪಕ್ಕಕ್ಕಿಡಿ. ಮೊದಲ ಕೆಲಸ ಚಕ್ರದ ಬೋಲ್ಟು.

ಹೊಸ ಗಾಡಿಯಲ್ಲಿ ಹಬ್ ಮತ್ತು ರಿಮ್ ಕೂಡುವ ಜಾಗದಲ್ಲಿ ಬಣ್ಣದ ಪದರ ಇರುತ್ತದೆ. ಓಡುವಾಗ ಭಾರಕ್ಕೂ ಬಿಸಿಗೂ ಅದು ಅಮುಕಿ ತೆಳ್ಳಗಾಗುತ್ತದೆ. ಪದರ ತೆಳುವಾದಷ್ಟು ಬೋಲ್ಟಿನ ಹಿಡಿತವೂ ಕಡಿಮೆಯಾಗುತ್ತದೆ. ಡೀಲರ್ ಎಷ್ಟೇ ಸರಿಯಾಗಿ ಬಿಗಿ ಮಾಡಿರಲಿ, ಇದು ಆಗಿಯೇ ತೀರುತ್ತದೆ. ಹಾಗಾಗಿ ಹೊರಡುವ ಮುಂಚೆ ಒಮ್ಮೆ, 50 ಕಿ.ಮೀ. ಓಡಿದ ಮೇಲೆ ಒಮ್ಮೆ, 200ರ ಸುಮಾರಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ (ನಿಗದಿತ ಬಿಗಿಗೆ ತಿರುಗಿಸುವ ಪಾನಾ) ಹಾಕಿ. ಅಂಕಿ ಪುಸ್ತಕದಲ್ಲಿರುತ್ತದೆ. ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ 90ರಿಂದ 130 ನ್ಯೂಟನ್ ಮೀಟರ್ ಒಳಗೆ, ಸ್ಟೀಲ್ ರಿಮ್ಮಿಗೂ ಅಲಾಯ್ ರಿಮ್ಮಿಗೂ ಬೇರೆ ಬೇರೆ. ಎದುರುಬದುರು ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿ ಮಾಡಿ, ಸುತ್ತಿನ ಕ್ರಮದಲ್ಲಿ ಅಲ್ಲ. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಘರ್ಷಣೆ ಕಡಿಮೆಯಾಗಿ ಅದೇ ಅಂಕಿಗೆ ಬೋಲ್ಟು ವಿಪರೀತ ಎಳೆದುಕೊಳ್ಳುತ್ತದೆ. ಉದ್ದ ಪಾನಾ ಹಾಕಿ ಕಾಲಲ್ಲಿ ತುಳಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಟೈರಿನ ಪಕ್ಕದಲ್ಲಿ ಎರಡು ವಿಷಯ ನೋಡಿ. ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ಗಾಡಿ ಹೊಸದಾದರೂ ಟೈರ್ ಎರಡು ವರ್ಷ ಗೋದಾಮಿನಲ್ಲಿ ಕೂತಿರಬಹುದು. ಕ್ಯಾರವಾನ್ ಟೈರು ಸವೆದು ಹೋಗುವುದಕ್ಕಿಂತ ವಯಸ್ಸಾಗಿ ಹೋಗುವುದೇ ಹೆಚ್ಚು, ಐದರಿಂದ ಏಳು ವರ್ಷಕ್ಕೆ ಬದಲಾಯಿಸುವುದು ವಾಡಿಕೆ. ಇನ್ನೊಂದು ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ಭಾರದ ಸಂಕೇತ. 1500 ಕೆ.ಜಿ.ಯ ಒಂಟಿ ಆಕ್ಸಲ್ ಎಂದರೆ ಒಂದೊಂದು ಟೈರಿಗೆ 750. ಇಂಡೆಕ್ಸ್ 98 ಎಂದರೆ ಸರಿಯಾಗಿ 750, ಅಂದರೆ ಚೂರೂ ಮಿಗುವುದಿಲ್ಲ. 101 ಇದ್ದರೆ 825, ನೆಮ್ಮದಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಿ. ಅಂಕಿ ಕ್ಯಾರವಾನ್‌ನ ಫಲಕದ್ದಿರಲಿ, ಕಾರಿನ ರೂಢಿಯದ್ದಲ್ಲ. ಸಾಮಾನ್ಯವಾಗಿ ಕಾರಿಗಿಂತ ಗಣನೀಯವಾಗಿ ಹೆಚ್ಚೇ ಇರುತ್ತದೆ.

ಹಿಚ್ (ಗಾಡಿಯನ್ನು ಕಾರಿಗೆ ಜೋಡಿಸುವ ಕೊಂಡಿ) ಬಗ್ಗೆ: ಅಲುಗಾಟ ತಡೆಯಲು ಘರ್ಷಣೆಯ ಪ್ಯಾಡ್ ಇರುವ ಸ್ಟೆಬಿಲೈಸರ್ ಹಿಚ್ ಆದರೆ ಟೋ ಬಾಲ್ (ಕಾರಿನ ಹಿಂದಿನ ಗುಂಡು) ಮೇಲೆ ಗ್ರೀಸ್ ಇರಲೇಬಾರದು. ಹೊಸ ಬಾಲ್ ಮೇಲಿನ ಕಪ್ಪು ಬಣ್ಣವನ್ನೂ ಉಜ್ಜುಕಾಗದದಿಂದ ಬರಿ ಲೋಹ ಕಾಣುವವರೆಗೆ ತೆಗೆಯಬೇಕು. ಬಣ್ಣ ಪ್ಯಾಡಿಗೆ ಮೆತ್ತಿಕೊಂಡರೆ ತಿರುವುಗಳಲ್ಲಿ ಕಿರ್ರೋ ಎಂದು ಕೂಗುತ್ತದೆ, ಹಿಡಿತವೂ ಹೋಗುತ್ತದೆ. ಪ್ಯಾಡ್ ಇಲ್ಲದ ಸಾದಾ ಹಿಚ್ ಆದರೆ ಉಲ್ಟಾ, ಅದಕ್ಕೆ ಗ್ರೀಸ್ ಬೇಕು.

ತುರ್ತು ಬ್ರೇಕಿನ ತೆಳು ಕೇಬಲ್ಲನ್ನು ಕಾರಿನ ಟೋ ಬಾರಿನ ಉಂಗುರದ ಮೂಲಕವೇ ಸಿಕ್ಕಿಸಿ. ಬಾಲ್ ಕುತ್ತಿಗೆಗೆ ಸುಮ್ಮನೆ ಇಳಿಬಿಟ್ಟರೆ, ಗಾಡಿ ಕಳಚಿಕೊಂಡಾಗ ಕೇಬಲ್ ಕೂಡ ಹಾರಿ ಬಂದು ಬ್ರೇಕ್ ಬೀಳುವುದೇ ಇಲ್ಲ. ಪೂರ್ತಿ ತಿರುವಿನಲ್ಲಿ ಬಿಗಿಯಾಗಬಾರದು, ನೆಲಕ್ಕೂ ಉಜ್ಜಬಾರದು. ಮುಂದಿನ ಪುಟ್ಟ ಜಾಕಿ ಚಕ್ರವನ್ನು ಪೂರ್ತಿ ಮೇಲಕ್ಕೆ ಸುತ್ತಿ, ಕೊಳವೆಯ ಕಚ್ಚಿನಲ್ಲಿ ಕೂರಿಸಿ, ಕ್ಲ್ಯಾಂಪ್ ಬಿಗಿ ಮಾಡಿ. ಅರ್ಧಕ್ಕೆ ನಿಂತರೆ ಕೆಲವು ಚಾಸಿಗಳಲ್ಲಿ ಬ್ರೇಕ್ ರಾಡಿಗೇ ತಾಗುತ್ತದೆ.

ಮೊದಲ ಓಡಾಟದಲ್ಲಿ 20-30 ಕಿ.ಮೀ. ಹೋಗಿ, ಜೋರಾಗಿ ಬ್ರೇಕ್ ಹಾಕದೆ ನಿಲ್ಲಿಸಿ, ಎರಡೂ ಹಬ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ತುಂಬ ಬಿಸಿಯಾದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕ್ ಶೂ ಒಗ್ಗಿಕೊಂಡ ಮೇಲೆ ಹ್ಯಾಂಡ್‌ಬ್ರೇಕ್ ಲಿವರ್ ಹೆಚ್ಚು ಮೇಲಕ್ಕೆ ಬರತೊಡಗುತ್ತದೆ, ಆಗ ಒಂದು ಹೊಂದಾಣಿಕೆ ಬೇಕು. ಅದನ್ನು ಮೆಕ್ಯಾನಿಕ್ಕಿಗೆ ಬಿಡಿ. ಡ್ರಮ್ ಬಿಚ್ಚಿದರೆ ಹಬ್ಬಿನ ದೊಡ್ಡ ನಟ್ಟನ್ನು ಅನೇಕ ಆಕ್ಸಲ್‌ಗಳಲ್ಲಿ ಪ್ರತಿ ಸಲ ಹೊಸದೇ ಹಾಕಬೇಕು.

ರಸ್ತೆರಾಯ

ಕಿಟಕಿ ಮೂಲೆಗೆ ಒಂದು ಟ್ಯೂಬ್ ಸಿಲಿಕಾನ್ ಎಳೆದುಬಿಡಿ ಸರ್, ಮುಗೀತು. 18 ಎಲ್ಲ ದೊಡ್ಡದಲ್ಲ.

ಒಣಗೋಡೆ

ರಸ್ತೆರಾಯ ಅವರೇ, ದಯವಿಟ್ಟು ಬೇಡ. ಸಿಲಿಕಾನ್ ಒಮ್ಮೆ ಹಚ್ಚಿದರೆ ಆ ಜಾಗಕ್ಕೆ ಮುಂದೆ ಸರಿಯಾದ ಸೀಲೆಂಟ್ ಯಾವುದೂ ಅಂಟುವುದಿಲ್ಲ. ಕೆರೆದು ತೆಗೆದರೂ ಎಣ್ಣೆಯಂಥ ಪೊರೆ ಉಳಿದೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು, ಹೊರಗಿನಿಂದ ಮುಚ್ಚಿದರೆ ಒಳಗೆ ಹೋದ ನೀರಿಗೆ ಹೊರಬರುವ ದಾರಿಯೂ ಮುಚ್ಚಿತು. ಸೋರುವ ಜಾಗ ಒಂದು, ತೇವ ಕಾಣುವ ಜಾಗ ಇನ್ನೊಂದು ಆಗಿರುವುದೇ ಹೆಚ್ಚು. ನೀರು ಚೌಕಟ್ಟಿನ ಮರದ ಪಟ್ಟಿ ಹಿಡಿದು ಕೆಳಗಿಳಿದು, ಮೂಲೆಯಲ್ಲಿ ನಿಲ್ಲುತ್ತದೆ. ಮೇಲಾಗಿ, ನೀವೇ ಸೀಲೆಂಟ್ ಹಚ್ಚಿದ್ದು ಕಂಡರೆ ನೀರು ಸೋರಿಕೆಯ ವಾರಂಟಿ ಒಪ್ಪಿಕೊಳ್ಳದೆ ಹೋಗುವುದಕ್ಕೆ ಅವರಿಗೆ ಸಿದ್ಧ ಕಾರಣ ಸಿಕ್ಕಂತೆ.

ಹೊಸಗಾಲಿ ಅವರೇ, 18 ಎಂದರೆ ಗಾಬರಿ ಬೇಡ, ಆದರೆ ಬಿಡುವಂಥದ್ದೂ ಅಲ್ಲ. ಸಾಮಾನ್ಯ ಲೆಕ್ಕ ಹೀಗೆ: 15ರವರೆಗೆ ಸರಿ, 15ರಿಂದ 20 ಆದರೆ ಕಣ್ಣಿಟ್ಟಿರಬೇಕು, 20 ದಾಟಿದರೆ ಕಾರಣ ಹುಡುಕಬೇಕು, 30ರ ಮೇಲೆ ಹೋದರೆ ಒಳಗಿನ ಮರ ಹಾಳಾಗುತ್ತಿದೆ ಎಂದೇ ತಿಳಿಯಿರಿ. ಆದರೆ ಒಂದೇ ಅಂಕಿಗೆ ಅರ್ಥವಿಲ್ಲ. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಉತ್ತರ. ಹೊಸ ಕ್ಯಾರವಾನ್‌ನಲ್ಲಿ ಕಟ್ಟುವಾಗಿನ ಅಂಟು, ಮರದ ತೇವ ಒಣಗಲು ಸಮಯ ಹಿಡಿಯುತ್ತದೆ. ಮುಚ್ಚಿದ ಗಾಡಿಯಲ್ಲಿ ರಾತ್ರಿಯ ಉಸಿರಿನ ತೇವ ತಣ್ಣನೆಯ ಮೂಲೆಯಲ್ಲಿ ಕೂತರೂ ಅಷ್ಟೇ ತೋರಿಸುತ್ತದೆ. ಗೋಡೆಯ ಹಿಂದೆ ಲೋಹದ ಪಟ್ಟಿ ಅಥವಾ ಫಾಯಿಲ್ ಇದ್ದರೆ ಮೀಟರ್ ಸುಳ್ಳೇ ಹೇಳುತ್ತದೆ.

ಹೀಗೆ ಮಾಡಿ. ಹೀಟರ್ ಬಳಸದೆ, ಮೇಲಿನ ಗಾಳಿಕಿಂಡಿ ತೆರೆದು ಒಂದು ದಿನ ಬಿಡಿ. ಒಳಗೋಡೆಯನ್ನು ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಗಾಡಿಯ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದು, ನಾಲ್ಕೂ ಮೂಲೆ, ಪ್ರತಿ ಕಿಟಕಿಯ ಕೆಳಗಿನ ಎರಡು ಮೂಲೆ, ಬಾಗಿಲ ಹೊಸ್ತಿಲು, ಮೇಲಿನ ಕಿಂಡಿಗಳ ಸುತ್ತ, ಮೇಲ್ಕಪಾಟುಗಳ ಒಳಗೆ, ಹಾಸಿಗೆ ಪೆಟ್ಟಿಗೆಯೊಳಗೆ ನೆಲ ಮತ್ತು ಗೋಡೆ ಕೂಡುವ ಅಂಚು, ಆನಿಂಗ್ (ಹೊರಗೆ ಕಟ್ಟುವ ಬಟ್ಟೆಯ ಚಾವಣಿ) ಹಳಿ ಹಾದುಹೋಗುವ ಸಾಲು, ಗ್ಯಾಸ್ ಪೆಟ್ಟಿಗೆಯ ಹಿಂಗೋಡೆ, ಹೀಗೆ ನಲವತ್ತೈವತ್ತು ಕಡೆ ಓದಿ ಬರೆದುಕೊಳ್ಳಿ. ಸೂಜಿಯ ಮೀಟರ್ ಆದರೆ ಚುಚ್ಚಿದ ಗುರುತು ಉಳಿಯುತ್ತದೆ, ಕಪಾಟಿನ ಒಳಗೆ, ಮೆತ್ತೆಯ ಹಿಂದೆ ಚುಚ್ಚಿ. ದಿನಾಂಕ, ಹೊರಗಿನ ಉಷ್ಣಾಂಶ ಬರೆಯಿರಿ. ನಾಲ್ಕು ವಾರದ ನಂತರ ಅದೇ ಜಾಗಗಳಲ್ಲಿ ಮತ್ತೆ. ಆ ಮೂಲೆ 18ರಿಂದ 14ಕ್ಕೆ ಇಳಿದರೆ ಮರೆತುಬಿಡಿ. 22 ಆದರೆ ಫೋಟೋ ಸಮೇತ ಲಿಖಿತವಾಗಿ ಡೀಲರ್‌ಗೆ ಕಳಿಸಿ, ಬಾಯಿಮಾತು ಸಾಲದು. ಈ ಮೊದಲ ಪಟ್ಟಿ ಮುಂದೆ ಪ್ರತಿ ವಾರ್ಷಿಕ ಸರ್ವಿಸಿಗೂ ಹೋಲಿಕೆಗೆ ಬೇಕಾಗುತ್ತದೆ. ಅಂದಹಾಗೆ, ಆ ವಾರ್ಷಿಕ ಸರ್ವಿಸ್ ನಿಗದಿತ ಅವಧಿಯೊಳಗೆ ಆಗದಿದ್ದರೆ ಸೋರಿಕೆ ವಾರಂಟಿ ರದ್ದು ಎಂಬ ಸಾಲು ಬಹುತೇಕ ಪುಸ್ತಕಗಳಲ್ಲಿ ಎಲ್ಲೋ ಚಿಕ್ಕ ಅಕ್ಷರದಲ್ಲಿ ಇರುತ್ತದೆ.

ಕಾಯಲಾಗದಿದ್ದರೆ ನೀರಿನ ಪರೀಕ್ಷೆ ಮಾಡಬಹುದು. ಸಾದಾ ಪೈಪು, ಕಡಿಮೆ ಒತ್ತಡ. ಪ್ರೆಶರ್ ವಾಶರ್ ಬೇಡ, ಅದು ಚೆನ್ನಾಗಿರುವ ಜೋಡಣೆಯನ್ನೂ ಸೀಳುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಹೊರಗಿನವರು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು: ಕಿಟಕಿಯ ಕೆಳ ಅಂಚಿಗೆ ಹತ್ತು ನಿಮಿಷ, ಪಕ್ಕದ ಅಂಚಿಗೆ ಹತ್ತು, ಮೇಲಂಚಿಗೆ ಹತ್ತು, ಆಮೇಲೆ ಮುಂಭಾಗ ಮತ್ತು ಮಾಡು ಕೂಡುವ ಪಟ್ಟಿಗೆ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ಒಮ್ಮೆಗೇ ಒದ್ದೆಯಾಗಿ ಯಾವುದು ಸೋರಿತೆಂದು ತಿಳಿಯುವುದಿಲ್ಲ.

ಎರಡು ಪದರದ ಅಕ್ರಿಲಿಕ್ ಕಿಟಕಿಯ ನಡುವೆ ಮಂಜು ಕಂಡರೆ ಅದು ಸೋರಿಕೆಯಲ್ಲ. ಅಂಚಿನಲ್ಲಿ ಪುಟ್ಟ ಬಿರಡೆಗಳಿರುತ್ತವೆ, ಒಣ ಬಿಸಿಲಲ್ಲಿ ತೆಗೆದಿಟ್ಟು ಒಣಗಿಸಿ ಮತ್ತೆ ಹಾಕಿ. ಆ ಕಿಟಕಿಗಳಿಗೆ ಅಮೋನಿಯ ಇರುವ ಗಾಜಿನ ದ್ರಾವಣ, ಥಿನ್ನರ್, ಸ್ಪಿರಿಟ್ ಯಾವುದೂ ಬೇಡ. ಜಾಲದಂತೆ ಬಿರುಕು ಬಿಡುತ್ತವೆ. ನೀರು ಮತ್ತು ಪಾತ್ರೆ ಸೋಪು ಸಾಕು.

ಸ್ನಾನದ ತಟ್ಟೆ ಮರೆಯಬೇಡಿ. ಬಿರಡೆ ಹಾಕಿ ಎರಡು ಬೆರಳು ಆಳ ನೀರು ನಿಲ್ಲಿಸಿ ಅರ್ಧ ಗಂಟೆ ಬಿಡಿ, ಗಾಡಿಯ ಕೆಳಗೆ ಹೋಗಿ ನೋಡಿ. ಆಮೇಲೆ ಒಳಗೆ ನಿಂತು ಭಾರ ಹಾಕಿ. ತಟ್ಟೆ ಬಾಗಿದರೆ ಅಡಿಯಲ್ಲಿ ಆಧಾರ ಸಾಲದು. ಇಂದಲ್ಲ ನಾಳೆ ಬಿರಡೆಯ ಸುತ್ತ ಸೀಳುತ್ತದೆ. ಇದು ವಾರಂಟಿಯಲ್ಲೇ ಆಗಬೇಕಾದ ಕೆಲಸ. ಹಾಗೆಯೇ ನೆಲದ ಮೇಲೆ ಹಿಮ್ಮಡಿ ಊರಿ ಅಂಗುಲ ಅಂಗುಲ ನಡೆಯಿರಿ. ಎಲ್ಲಾದರೂ ಮೆತ್ತಗೆ, ಚರ್ ಚರ್ ಎಂದರೆ ಪ್ಲೈವುಡ್ಡು ಮತ್ತು ನಡುವಿನ ಫೋಮು ಬಿಟ್ಟುಕೊಂಡಿವೆ.

ಹನ್ನೆರಡುವೋಲ್ಟ್

ಫ್ರಿಜ್ಜಿನ ವಿಷಯ ನನ್ನದು.

ಮೊದಲು ನಿರೀಕ್ಷೆ ಸರಿಮಾಡಿಕೊಳ್ಳಿ. ಹೀರಿಕೆ ವಿಧಾನದ, ಅಂದರೆ ಕಂಪ್ರೆಸರ್ ಇಲ್ಲದೆ ಒಳಗಿನ ಹೀಟರಿನ ಬಿಸಿಯಿಂದಲೇ ನಡೆಯುವ ಫ್ರಿಜ್, 12 ವೋಲ್ಟಿನಲ್ಲಿ ಬಿಸಿಯಿಂದ ತಣ್ಣಗೆ ಮಾಡುವುದಿಲ್ಲ, ತಣ್ಣಗಿದ್ದದ್ದನ್ನು ಕಾಯುತ್ತದೆ ಅಷ್ಟೆ. ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಹಾಕಿ, ತಣ್ಣಗಿನ ಪದಾರ್ಥವನ್ನೇ ಇಟ್ಟು ಹೊರಡಬೇಕು. ಗಾಡಿ ಮಟ್ಟವಾಗಿಯೂ ನಿಂತಿರಬೇಕು, ರಸಮಟ್ಟವನ್ನು ಫ್ರಿಜ್ಜಿನ ಒಳಗೇ ಇಟ್ಟು ನೋಡಿ.

ನಿಮ್ಮದು "ಏನೂ ಆಗುವುದಿಲ್ಲ" ಎಂದರೆ ಕರೆಂಟೇ ಬರುತ್ತಿಲ್ಲ ಎನಿಸುತ್ತದೆ. 13 ಪಿನ್ನಿನ ಪ್ಲಗ್ಗಿನಲ್ಲಿ 9ನೇ ಪಿನ್ನು ಸದಾ ಜೀವಂತ ತಂತಿ, 10ನೆಯದು ಇಂಜಿನ್ ಓಡುವಾಗ ಮಾತ್ರ ಬರುವ ತಂತಿ. ಫ್ರಿಜ್ ನಿಂತಿರುವುದು ಆ 10ರ ಮೇಲೆ. ಟೋ ಬಾರ್ ಹಾಕಿದವರು ದೀಪಗಳ ತಂತಿ ಮಾತ್ರ ಎಳೆದು 9, 10 ಬಿಟ್ಟಿರುವುದು ತುಂಬ ಸಾಮಾನ್ಯ. ಇಂಜಿನ್ ಓಡಿಸಿ, ಕಾರಿನ ಸಾಕೆಟ್ಟಿನಲ್ಲಿ 10 ಮತ್ತು 11ರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆ ಬಂದರೆ ತೊಂದರೆ ಕಾರಿನ ಕಡೆ: ತಂತಿ ಇಲ್ಲ, ಫ್ಯೂಸ್ ಇಲ್ಲ, ಅಥವಾ ಕಾರಿನ ಕಂಪ್ಯೂಟರಿನಲ್ಲಿ ಟ್ರೇಲರ್ ಸೌಲಭ್ಯ ಚಾಲೂ ಮಾಡಿಲ್ಲ.

ವೋಲ್ಟೇಜ್ ಬಂದರೆ ಎರಡನೇ ಅಳತೆ ಫ್ರಿಜ್ಜಿನ ಹಿಂದೆ, ಫ್ರಿಜ್ 12 ವೋಲ್ಟಿನಲ್ಲಿ ಓಡುತ್ತಿರುವಾಗ. ಇದೇ ಮುಖ್ಯ. ಭಾರವಿಲ್ಲದೆ ಅಳೆದರೆ ಹಾಳು ತಂತಿಯೂ ಚೆನ್ನಾಗಿ ತೋರಿಸುತ್ತದೆ. ಹೀಟರ್ ಸುಮಾರು 11ರಿಂದ 14 ಆಂಪಿಯರ್ ಎಳೆಯುತ್ತದೆ. ಉದ್ದನೆಯ ತೆಳು ತಂತಿಯಲ್ಲಿ ಅಷ್ಟು ಹರಿದಾಗ ವೋಲ್ಟೇಜ್ ಬೀಳುತ್ತದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 13ರ ಬದಲು 11 ವೋಲ್ಟ್ ತಲುಪಿದರೆ ಬಿಸಿಯಾಗುವ ಶಕ್ತಿ ಶೇ. 28ರಷ್ಟು ಖೋತಾ. ಹೊಸ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುತ್ತದೆ, ಅಂಥ ಕಾರಾದರೆ ಕಾರಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಹಾಕದೆ ಲಿಥಿಯಂ ಬ್ಯಾಟರಿಯೂ ಪ್ರಯಾಣದಲ್ಲಿ ತುಂಬುವುದಿಲ್ಲ.

ಲಿಥಿಯಂ ಬಗ್ಗೆ ಇನ್ನೆರಡು ಮಾತು. ಗಾಡಿಯಲ್ಲಿರುವ ಚಾರ್ಜರಿಗೆ ಲಿಥಿಯಂ ಸೆಟ್ಟಿಂಗ್ ಇದೆಯೇ ನೋಡಿ ಆಮೇಲೆ ಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಆಗಬಾರದು, ತಡೆಯುವ ವ್ಯವಸ್ಥೆ ಬ್ಯಾಟರಿಯಲ್ಲೇ ಇರುವುದನ್ನು ಆರಿಸಿ. ಈಗಿರುವುದು ಸೀಸದ ಬ್ಯಾಟರಿ ಆದರೆ ಕೆಲವು ಗಂಟೆ ಏನೂ ಬಳಸದೆ ಬಿಟ್ಟು ಅಳೆಯಿರಿ: 12.7 ಎಂದರೆ ತುಂಬಿದೆ, 12.2 ಎಂದರೆ ಅರ್ಧ. ಅರ್ಧದ ಕೆಳಗೆ ಪದೇ ಪದೇ ಇಳಿಸಿದರೆ ಆಯಸ್ಸು ಹೋಗುತ್ತದೆ. ಟ್ರ್ಯಾಕರ್, ಅಲಾರಂ, ರೇಡಿಯೊ ಸೇರಿ ಬರೀ 100 ಮಿಲಿ ಆಂಪಿಯರ್ ಕುಡಿದರೂ ದಿನಕ್ಕೆ 2.4 ಆಂಪಿಯರ್ ಗಂಟೆ, ಮೂರು ವಾರಕ್ಕೆ 50. ಅಂದರೆ 100ರ ಸೀಸದ ಬ್ಯಾಟರಿ ನಿಂತಲ್ಲೇ ಅರ್ಧವಾಯಿತು. ನಿಮ್ಮ 120 ವ್ಯಾಟ್ ಸೋಲಾರ್ ಇದಕ್ಕೇ ಚೆನ್ನಾಗಿ ಬರುತ್ತದೆ, ನೆರಳಿನಲ್ಲಿ ನಿಲ್ಲಿಸಲಿಲ್ಲ ಎಂದರೆ.

ಮನೆಯ ಕರೆಂಟಿನ ಕಡೆ: ಸಂಪರ್ಕ ಕೊಟ್ಟ ಮೇಲೆ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಡಿಯ ಟೆಸ್ಟ್ ಗುಂಡಿ ಒತ್ತಿ, ಟಪ್ ಎಂದು ಬೀಳಲೇಬೇಕು. ಪ್ಲಗ್ ಮಾದರಿಯ ಟೆಸ್ಟರಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದೆಯೇ, ಅರ್ತಿಂಗ್ ಇದೆಯೇ ನೋಡಿ. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟಿದ್ದಂತೆಯೇ ಹೀಟರ್ ಹಾಕಿದರೆ ಒಳಸುತ್ತು ಕರಗುತ್ತದೆ. ಫ್ಯೂಸ್ ಪೆಟ್ಟಿಗೆಯ ಹಿಂದಿನ ಚಪ್ಪಟೆ ಕನೆಕ್ಟರುಗಳನ್ನು, ಮನೆಯ ಕರೆಂಟನ್ನೂ ಬ್ಯಾಟರಿಯನ್ನೂ ತೆಗೆದಿಟ್ಟು, ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ. ಸಡಿಲವಿದ್ದದ್ದು ಮೊದಲ ಪ್ರಯಾಣದ ಅದುರಾಟಕ್ಕೇ ಕಳಚುತ್ತದೆ.

ನೀಲಿಜ್ವಾಲೆ

ಗ್ಯಾಸಿನ ಬಗ್ಗೆ ಯಾರೂ ಹೇಳಿಲ್ಲ, ಚುಟುಕಾಗಿ ಹೇಳುತ್ತೇನೆ. ಪೈಪು, ಜಾಯಿಂಟು ಬಿಚ್ಚುವ ಕೆಲಸ ಅರ್ಹ ತಂತ್ರಜ್ಞರದ್ದು, ಒತ್ತಡ ಪರೀಕ್ಷೆಯ ಪತ್ರವನ್ನು ಡೀಲರ್ ಹತ್ತಿರ ಕೇಳಿ ಪಡೆಯಿರಿ. ನೀವು ಮಾಡಬಹುದಾದದ್ದು: ಸಿಲಿಂಡರ್ ಬದಲಿಸಿದಾಗಲೆಲ್ಲ ರೆಗ್ಯುಲೇಟರ್ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವುದು. ಮೆದು ಪೈಪಿನ ಮೇಲೆ ಅಚ್ಚಾದ ವರ್ಷ ನೋಡುವುದು. ಬರ್ನರ್ ಹೊತ್ತಿಸಿ ಬೆಂಕಿ ನೀಲಿಯಾಗಿದೆಯೇ ನೋಡುವುದು, ಹಳದಿಯಾಗಿ ಮಸಿ ಹಿಡಿದರೆ ಗಾಳಿ ಸಾಲದು. ಬೆಂಕಿಯನ್ನು ಊದಿ ಆರಿಸಿದರೆ ಸುರಕ್ಷಾ ವಾಲ್ವು ಒಂದು ನಿಮಿಷದೊಳಗೆ ಕ್ಲಿಕ್ ಎಂದು ಗ್ಯಾಸ್ ನಿಲ್ಲಿಸಬೇಕು. ಇದನ್ನು ಬಾಗಿಲು, ಕಿಟಕಿ ತೆರೆದಿಟ್ಟು ಮಾಡಿ.

ನೆಲದಲ್ಲಿರುವ ಜಾಲರಿ ತೂತುಗಳನ್ನು ಚಳಿಗಾಳಿ ಬರುತ್ತದೆಂದು ಯಾವತ್ತೂ ಮುಚ್ಚಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹೊರಹೋಗುವ ದಾರಿ ಅದೊಂದೇ. ಪೈಪು, ತಂತಿ ಹೋಗುವ ಕಡೆ ಕಾರ್ಖಾನೆಯವರು ಬಿಟ್ಟ ಸಂದುಗಳು ಬೇರೆ, ಅವುಗಳನ್ನು ಸ್ಟೀಲ್ ಉಣ್ಣೆ ತುರುಕಿ ಸೀಲ್ ಮಾಡಿದರೆ ಇಲಿಯೂ ಬರುವುದಿಲ್ಲ. ಯಾವುದು ಯಾವುದೆಂದು ಪುಸ್ತಕದ ಚಿತ್ರ ನೋಡಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಮೊದಲು ಅದು, ಆಮೇಲೆ ಸೋಲಾರ್.

ಚಳಿಯಲ್ಲಿ ಹೋಗುವುದಾದರೆ ಪ್ರೊಪೇನ್ ಸಿಲಿಂಡರೇ ಬೇಕು. ಬ್ಯುಟೇನ್ ಸೊನ್ನೆಯ ಹತ್ತಿರ ಆವಿಯಾಗುವುದೇ ಇಲ್ಲ, ಪ್ರೊಪೇನ್ ಮೈನಸ್ 42ರವರೆಗೂ ಆಗುತ್ತದೆ.

ಹೊಸಗಾಲಿ

ಎಲ್ಲರಿಗೂ ಧನ್ಯವಾದ. 10 ಮತ್ತು 11ರ ನಡುವೆ ಸೊನ್ನೆಯೇ ಬಂತು, ಹಾಗಾದರೆ ಕಾರಿನ ಕಡೆಯೇ. ತೇವದ ನಕ್ಷೆ ಶುರುಮಾಡಿದ್ದೇನೆ. ಎರಡು ಪ್ರಶ್ನೆ: ಸೈಕಲ್ ರ‍್ಯಾಕ್, ಮೂವರ್ ಎರಡೂ ಹಾಕಿದರೆ ತೂಕ ಸರಿಹೋಗುತ್ತದೆಯೇ? ತಿರುಗುವ ಸ್ಕ್ರೂಗೆ ಏನು ಮಾಡುವುದು?

ಟಾರ್ಕ್‌ರೆಂಚ್

ತೂಕದ ಲೆಕ್ಕ ಕೂಡಿಸಿ ನೋಡೋಣ. 1500ರಲ್ಲಿ 1340 ಕಳೆದರೆ 160. ಮೂವರ್ 35, ಲಿಥಿಯಂ 12, ಪ್ಯಾನೆಲ್ ಮತ್ತು ಅದರ ಕಟ್ಟು 10, ಆನಿಂಗ್ ಒಂದಿದ್ದರೆ 25, ರ‍್ಯಾಕ್ 8, ಎರಡು ಸೈಕಲ್ 30. ಒಟ್ಟು 120. ನಾಲ್ಕು ಜನರ ಬಟ್ಟೆ, ಹಾಸಿಗೆ, ಪಾತ್ರೆ, ಕುರ್ಚಿ, ಆಹಾರ ಎಲ್ಲಕ್ಕೂ 40 ಕೆ.ಜಿ. ಉಳಿಯಿತು. 40 ಲೀಟರ್ ನೀರು ತುಂಬಿಕೊಂಡು ಹೊರಟರೆ ಅದೂ ಮುಗಿಯಿತು. ಇನ್ನೊಂದು ಕಡೆ, 1340 ಎಂಬುದೇ ಖಚಿತವಲ್ಲ. ಯುರೋಪಿನ ನಿಯಮವೇ ಆ ತೂಕದಲ್ಲಿ ಶೇ. 5ರ ಏರುಪೇರು ಒಪ್ಪುತ್ತದೆ, ನಿಮ್ಮ ಗಾಡಿಗೆ ಅದು 67 ಕೆ.ಜಿ. ಹಾಗಾಗಿ ಒಂದು ಸ್ಕ್ರೂ ಕೂಡ ಸೇರಿಸುವ ಮುಂಚೆ ವೇಬ್ರಿಡ್ಜಿಗೆ ಒಯ್ದು ಖಾಲಿ ಗಾಡಿ ತೂಗಿಸಿ.

ಹಿಂದಿನ ರ‍್ಯಾಕ್ ನನಗೆ ಒಪ್ಪಿಗೆಯಿಲ್ಲ. ಆಕ್ಸಲ್‌ನಿಂದ ರ‍್ಯಾಕಿಗೆ 3.2 ಮೀಟರ್, ಆಕ್ಸಲ್‌ನಿಂದ ಹಿಚ್ಚಿಗೆ 4 ಮೀಟರ್ ಎಂದಿಟ್ಟುಕೊಳ್ಳಿ. 38 ಕೆ.ಜಿ. ಹಿಂದೆ ತೂಗುಬಿದ್ದರೆ ಹಿಚ್ ಮೇಲಿನ ಭಾರ ಸುಮಾರು 30 ಕೆ.ಜಿ. ಇಳಿಯುತ್ತದೆ. ಹಿಚ್ ಭಾರ ಗಾಡಿಯ ನಿಜ ತೂಕದ ಶೇ. 5ರಿಂದ 7 ಇರಬೇಕೆಂಬುದು ಯುರೋಪಿನ ಮಾದರಿಯ ಗಾಡಿಗಳ ವಾಡಿಕೆ, ಉತ್ತರ ಅಮೆರಿಕದಲ್ಲಿ ಶೇ. 10ರಿಂದ 15 ಇಡುತ್ತಾರೆ. ನಿಮ್ಮ ಲೆಕ್ಕಕ್ಕೆ 75ರಿಂದ 105 ಆಯಿತು, ಆದರೆ ಕಾರಿನ ಮಿತಿ ಮತ್ತು ಹಿಚ್ ಮಿತಿ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ. 80 ಇದ್ದದ್ದು 50ಕ್ಕೆ ಇಳಿದರೆ ಗಾಡಿ ಬಾಲ ಬೀಸತೊಡಗುತ್ತದೆ. ಮುಂದೆ ಭಾರ ತುಂಬಿ ಸರಿದೂಗಿಸುತ್ತೇನೆ ಎಂದರೆ ಅಂಕಿ ಸರಿಯಾದರೂ ಎರಡು ತುದಿಗೆ ಭಾರವಾಗಿ, ಒಮ್ಮೆ ಬೀಸಿದ್ದು ನಿಲ್ಲುವುದು ಇನ್ನೂ ನಿಧಾನ. ಸೈಕಲ್ಲನ್ನು ಕಾರಿನ ಮಾಡಿನ ಮೇಲೆ ಹಾಕಿ. ಗಾಡಿಯೊಳಗಿನ ಭಾರದ ಸಾಮಾನು ಆಕ್ಸಲ್ ಮೇಲೆ, ನೆಲಮಟ್ಟದಲ್ಲಿ.

ಹಿಚ್ ಭಾರ ಅಳೆಯಲು ಮನೆಯ ತೂಕದ ಯಂತ್ರ ಸಾಕು. ಗಾಡಿ ಮಟ್ಟ ನೆಲದಲ್ಲಿರಲಿ, ಚಕ್ರಕ್ಕೆ ಅಡೆ ಇರಲಿ. ಟೋ ಬಾಲಿನ ಎತ್ತರಕ್ಕೆ ಸರಿಯಾಗಿ ಒಂದು ಮರದ ತುಂಡು ಕತ್ತರಿಸಿ, ಯಂತ್ರದ ಮೇಲೆ ನಿಲ್ಲಿಸಿ, ಹಿಚ್ಚಿನ ಬಟ್ಟಲನ್ನು ಅದರ ಮೇಲೆ ಇಳಿಸಿ, ಜಾಕಿ ಚಕ್ರ ನೆಲ ಬಿಡುವವರೆಗೆ ಸುತ್ತಿ. ಪ್ರವಾಸಕ್ಕೆ ತುಂಬಿದ ಮೇಲೆಯೇ ಅಳೆಯಬೇಕು, ಖಾಲಿಯಲ್ಲಿ ಅಳೆದು ಪ್ರಯೋಜನವಿಲ್ಲ.

ಮೂವರನ್ನು ಚಾಸಿಗೆ ಕ್ಲ್ಯಾಂಪ್ ಹಾಕಿಯೇ ಕೂರಿಸಬೇಕು, ಚಾಸಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮಾಡುವುದು ಬೇಡ. ಮೂಲೆಯ ಕಾಲುಗಳನ್ನು ಜಾಕಿಯಂತೆ ಬಳಸಿ ಗಾಡಿ ಎತ್ತುವುದೂ ಬೇಡ, ಅವು ಅಲುಗಾಟ ನಿಲ್ಲಿಸಲಿಕ್ಕೆ ಇರುವುದು.

ಬಡಗಿಬುದ್ಧಿ

ಸ್ಕ್ರೂ: ಕಪಾಟಿನ ಹಲಗೆ ಗಟ್ಟಿ ಮರವಲ್ಲ, ತೂಕ ಉಳಿಸಲು ಮಾಡಿದ ಹಗುರ ಪ್ಲೈ. ಕಾರ್ಖಾನೆಯಲ್ಲಿ ಪವರ್ ಡ್ರೈವರಿನಿಂದ ಅಗತ್ಯಕ್ಕಿಂತ ಹೆಚ್ಚು ತಿರುಗಿಸಿದಾಗ ಒಳಗೆ ಪುಡಿಯಾಗುತ್ತದೆ. ಅದೇ ತೂತಿಗೆ ದಪ್ಪ ಸ್ಕ್ರೂ ಹಾಕಿದರೆ ಕೆಲವು ದಿನ ಹಿಡಿದು ಮತ್ತೆ ಬಿಡುತ್ತದೆ. ತೂತಿಗೆ ಮರದ ಅಂಟು ಬಿಟ್ಟು, ಬಿದಿರ ಕಡ್ಡಿ ಅಥವಾ ಬೆಂಕಿಕಡ್ಡಿ ತುಂಬಿ, ಮಟ್ಟಕ್ಕೆ ಕತ್ತರಿಸಿ, ಒಂದು ದಿನ ಒಣಗಲು ಬಿಡಿ. ಆಮೇಲೆ ಸಣ್ಣ ತೂತು ಕೊರೆದು ಮೊದಲಿನ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ. ಉದ್ದ ಮಾತ್ರ ಹೆಚ್ಚಿಸಬೇಡಿ. 15 ಮಿ.ಮೀ. ಹಲಗೆಗೆ 12 ಮಿ.ಮೀ. ಸ್ಕ್ರೂ ಮಿತಿ. ಹೊರಗೋಡೆಗೆ ಹಾಕುವುದಾದರೆ ಇನ್ನೂ ಎಚ್ಚರ, ಗೋಡೆಯೇ 25-35 ಮಿ.ಮೀ. ಇರುತ್ತದೆ, ಹೊರತಗಡು ತೂತಾದರೆ ಒಣಗೋಡೆ ಅವರ ಪಟ್ಟಿಗೆ ಇನ್ನೊಂದು ಸಾಲು ಸೇರಿದಂತೆ.

ಮೊದಲ ಇನ್ನೂರು ಕಿ.ಮೀ. ಆದ ಮೇಲೆ ಎಲ್ಲ ಚಿಲಕ, ಕೀಲು, ಮೇಜಿನ ಕಾಲು ಒಂದು ಸುತ್ತು ನೋಡಿ. ಕೈ ಸ್ಕ್ರೂಡ್ರೈವರ್ ಮಾತ್ರ.

ಸೋಲಾರ್ ಪ್ಯಾನೆಲ್ಲಿನ ಕಾಲುಗಳನ್ನು ಮಾಡಿಗೆ ಸ್ಕ್ರೂ ಹೊಡೆಯದೆ ಪಾಲಿಯುರೆಥೇನ್ ಅಂಟಿನಿಂದ ಅಂಟಿಸಬಹುದು. ಮಾಡಿನ ವಸ್ತುವಿಗೆ ಹೊಂದುವ ಅಂಟು, ಅದು ಹೇಳಿದ ಪ್ರೈಮರ್, ಒಣಗುವ ಸಮಯ ಪೂರ್ತಿ ಕೊಡುವುದು, ಇದರಲ್ಲಿ ಅವಸರ ಬೇಡ. ತಂತಿ ಒಳಗಿಳಿಯುವ ಒಂದು ತೂತು ಮಾತ್ರ ತಪ್ಪದು, ಅದರ ಮೇಲೆ ಮುಚ್ಚಳ ಕೂರಿಸಿ ಬ್ಯುಟೈಲ್ ಸೀಲೆಂಟ್. ಕೊರೆಯುವ ಮುಂಚೆ ತೇವದ ವಾರಂಟಿ ಇದಕ್ಕೆ ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಹೊಸಗಾಲಿ

ಪಂಪಿನ ವಿಷಯ ಉಳಿಯಿತು. ಎಲ್ಲ ಜಾಯಿಂಟಿನ ಕೆಳಗೆ ಟಿಶ್ಯೂ ಕಾಗದ ಇಟ್ಟು ಒಂದು ರಾತ್ರಿ ಬಿಟ್ಟೆ. ಒಂದೂ ಒದ್ದೆಯಾಗಿಲ್ಲ, ಆದರೂ ಪಂಪು ಗುರ್ ಎನ್ನುತ್ತದೆ.

ಒಣಗೋಡೆ

ವಾಟರ್ ಹೀಟರಿನ ಖಾಲಿ ಮಾಡುವ ವಾಲ್ವಿನ ಕೊಳವೆ ಗಾಡಿಯ ಕೆಳಗೆ ತೆರೆದುಕೊಳ್ಳುತ್ತದೆ, ಅಲ್ಲಿ ಹನಿಯುತ್ತಿದ್ದರೆ ಒಳಗೆ ಟಿಶ್ಯೂ ಒಣಗಿಯೇ ಇರುತ್ತದೆ. ಒಂದು ಬಟ್ಟಲಿಟ್ಟು ನೋಡಿ. ಕೆಲವು ಹೀಟರುಗಳಲ್ಲಿ ಚಳಿ 3 ಡಿಗ್ರಿಗೆ ಇಳಿದರೆ ಆ ವಾಲ್ವು ತಾನಾಗಿ ತೆರೆದು ನೀರು ಬಿಡುತ್ತದೆ, 7 ಡಿಗ್ರಿ ದಾಟುವವರೆಗೆ ಮತ್ತೆ ಮುಚ್ಚಲಾಗದು. ಅದು ದೋಷವಲ್ಲ.

ಅಲ್ಲೂ ಒಣಗಿದ್ದರೆ ನೀರು ಹೊರಗೆ ಹೋಗುತ್ತಿಲ್ಲ, ಹಿಂದಕ್ಕೆ ಟ್ಯಾಂಕಿಗೇ ಹೋಗುತ್ತಿದೆ. ಪಂಪಿನೊಳಗೆ ನೀರು ಮರಳದಂತೆ ತಡೆಯುವ ರಬ್ಬರ್ ವಾಲ್ವು ಇರುತ್ತದೆ. ಕಾರ್ಖಾನೆಯಲ್ಲಿ ಟ್ಯಾಂಕಿಗೆ ತೂತು ಕೊರೆದಾಗ ಬಿದ್ದ ಪ್ಲಾಸ್ಟಿಕ್ ತುರಿಯನ್ನು ಸರಿಯಾಗಿ ತೆಗೆಯದಿದ್ದರೆ, ಅದು ನೀರಿನೊಂದಿಗೆ ಬಂದು ವಾಲ್ವಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ವಾಲ್ವು ಕೂದಲೆಳೆಯಷ್ಟು ತೆರೆದಿದ್ದರೂ ಒತ್ತಡ ನಿಧಾನವಾಗಿ ಇಳಿದು, ಪ್ರೆಶರ್ ಸ್ವಿಚ್ ಪಂಪನ್ನು ಮತ್ತೆ ಎಬ್ಬಿಸುತ್ತದೆ. ಹೊಸ ಗಾಡಿಯಲ್ಲಿ ಇದೇ ಕಾರಣ ಬಹಳ.

ಪಂಪಿನ ಫ್ಯೂಸ್ ತೆಗೆಯಿರಿ, ನಲ್ಲಿ ತೆರೆದು ಒತ್ತಡ ಬಿಡಿ, ಪಂಪಿನ ಮುಂದಿನ ಪಾರದರ್ಶಕ ಜಾಲರಿ ಬಟ್ಟಲು ಬಿಚ್ಚಿ. ಬಿಳಿ ತುರಿ ಕಂಡರೆ ಅನುಮಾನ ನಿಜವಾಯಿತು. ಪಂಪಿನ ತಲೆ ಬಿಚ್ಚುವುದು ವಾರಂಟಿಗೆ ಅಡ್ಡಿಯಾದರೆ ಡೀಲರ್ ಮಾಡಲಿ. ಟ್ಯಾಂಕಿನ ದೊಡ್ಡ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಾಕಿ, ಒದ್ದೆ ಬಟ್ಟೆಯಿಂದ ತಳ ಒರೆಸಿ, ತೂತಿನ ಅಂಚಿನಲ್ಲಿ ನೇತಾಡುವ ತುರಿಯನ್ನು ಬ್ಲೇಡಿನಿಂದ ಕತ್ತರಿಸಿ. ನಲ್ಲಿಗಳ ತುದಿಯ ಜಾಲರಿ, ಶವರ್ ತಲೆ ಕಳಚಿ ತೊಳೆಯಿರಿ, ಅಲ್ಲೂ ಕೂತಿರುತ್ತದೆ.

ಟ್ಯಾಂಕು ಹೇಗೂ ತೆರೆದದ್ದರಿಂದ ಸೋಂಕುನಾಶವೂ ಆಗಲಿ. ಸುವಾಸನೆ ಇಲ್ಲದ, ಶೇ. 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಲೀಟರಿಗೆ 1 ಮಿ.ಲೀ., 40 ಲೀಟರಿಗೆ 40 ಮಿ.ಲೀ. ಬಿಸಿನೀರು, ತಣ್ಣೀರು ಎರಡೂ ನಲ್ಲಿಗಳಲ್ಲಿ ವಾಸನೆ ಬರುವವರೆಗೆ ಓಡಿಸಿ, ನಾಲ್ಕು ಗಂಟೆ ಬಿಟ್ಟು, ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಹೀಟರಿನ ತೊಟ್ಟಿ ಯಾವ ಲೋಹದ್ದೆಂದು ಪುಸ್ತಕದಲ್ಲಿ ನೋಡಿ, ಕ್ಲೋರಿನ್ ಬೇಡವೆಂದಿದ್ದರೆ ಅವರೇ ಹೇಳಿದ ದ್ರಾವಣ ಬಳಸಿ. ಮುಂದಿನ ಎರಡು ಮೂರು ಸಲ ಟ್ಯಾಂಕ್ ತುಂಬಿದ ಮೇಲೂ ಆ ಜಾಲರಿ ಬಟ್ಟಲನ್ನು ಬಿಚ್ಚಿ ನೋಡುತ್ತಿರಿ, ತುರಿ ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ.